ಏನಿಲ್ಲ-ಮೀಮಾಂಸೆ: ಕಣಕುಂಬಿಯಿಂದ ಮರಳಿದ ಬಾಲವಾಕ್ಕಿನ ಉಗಮ, ಹರಿವು ಹಾಗೂ ಹಂಚಿಕೆ

ಮೀಮಾಂಸಕರ ಪ್ರಕಾರ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಈ ಪ್ರಬಂಧವೂ ಅದೇ ಕ್ರಮದಲ್ಲಿ ನಡೆಯಬೇಕೆಂಬುದು ಲೇಖಕನ ಸಂಕಲ್ಪ. ನಡೆಯದೆ ಹೋದರೆ ಅದಕ್ಕೆ ಮನೆಯ ಗದ್ದಲ ಕಾರಣವೇ ಹೊರತು ಪಾಂಡಿತ್ಯದ ಕೊರತೆಯಲ್ಲ.

ವಿಷಯ ಹೀಗಿದೆ. ಮೇ ತಿಂಗಳಲ್ಲಿ ಬೆಳಗಾವಿಯ ತಿಳಕವಾಡಿಯ ಒಂದು ಮನೆಯಿಂದ ಇಬ್ಬರು ಮಕ್ಕಳು, ಲೇಖಕನ ಮಗಳು (ವಯಸ್ಸು 9) ಮತ್ತು ಲೇಖಕನ ಅಣ್ಣನ ಮಗ (ವಯಸ್ಸು 11), ಖಾನಾಪುರ ತಾಲ್ಲೂಕಿನ ಕಣಕುಂಬಿಯ ಹತ್ತಿರ ನಡೆದ ಎಂಟು ದಿನದ ಬೇಸಿಗೆ ಶಿಬಿರಕ್ಕೆ ಹೋದರು. ಜಾಂಬೋಟಿ ದಾಟಿ ಚೋರ್ಲಾ ಘಾಟಿನ ದಾರಿ ಹಿಡಿದರೆ ಐವತ್ತು ಕಿಲೋಮೀಟರಿನೊಳಗೇ ಮುಗಿಯುವ ಪ್ರಯಾಣ. ಆದರೂ ಬೀಳ್ಕೊಡುವಾಗ ಅವರ ಆಯಿ, ಅಂದರೆ ಲೇಖಕನ ತಾಯಿ, ಕಾಶಿಗೆ ಹೊರಟವರಿಗೆ ಕೊಡುವಷ್ಟು ಚಕ್ಕುಲಿ ಕಟ್ಟಿ ಕೊಟ್ಟರು. ಶಿಬಿರದವರು ಮಕ್ಕಳನ್ನು ಚೆನ್ನಾಗಿಯೇ ನೋಡಿಕೊಂಡರು. ವಾಪಸು ಬರುವ ದಿನ ಇಬ್ಬರೂ ಜೀಪಿನಲ್ಲಿ ಮುಖ ಉಬ್ಬಿಸಿಕೊಂಡು ಕೂತದ್ದೇ ಅದಕ್ಕೆ ಸಾಕ್ಷಿ.

ಮನೆಗೆ ಬಂದ ಮೇಲೆ ಲಭ್ಯವಾದ ಮೂಲಪಾಠವನ್ನು ಯಾವ ತಿದ್ದುಪಡಿಯೂ ಇಲ್ಲದೆ ಕೊಡಲಾಗಿದೆ:

“ಹೆಂಗಿತ್ತವಾ ಕ್ಯಾಂಪು?”

“ಚಲೋ ಇತ್ತು.”

“ಏನೇನ್ ಮಾಡಿದ್ರಿ?”

“ಏನಿಲ್ಲ.”

“ಊಟಾ?”

“ಇತ್ತು.”

“ಗೆಳತ್ಯಾರು?”

“ಅದಾರ.”

“ಮತ್ತ?”

“ಹಸಿವಿ ಆಗೇತಿ.”

ಅಣ್ಣನ ಮಗನಲ್ಲಿ ದೊರೆತ ಪಾಠಾಂತರ ಇನ್ನೂ ಸಂಕ್ಷಿಪ್ತ: “ಆಕಿ ಹೇಳಿದ್ಳಲ್ಲ, ಅದs.”

ಎಂಟು ದಿನಗಳೆಂದರೆ 192 ಗಂಟೆ. ಅಷ್ಟರ ವರದಿ ಏಳು ಪದಗಳಲ್ಲಿ ಮುಗಿದಿದೆ; ಅದರಲ್ಲಿ ಎರಡು ಪದ ಹಸಿವಿನ ಪಾಲು. ‘ಏನಿಲ್ಲ’ ಎಂಬುದನ್ನು ಬಿಡಿಸಿ ನೋಡೋಣ. ಏನು ಎಂಬುದಕ್ಕೆ ಇಲ್ಲ ಸೇರಿದೆ, ಲೋಪಸಂಧಿ. ವ್ಯಾಕರಣದ ಪುಸ್ತಕಗಳ ಪ್ರಕಾರ ಇಲ್ಲಿ ಲೋಪವಾಗುವುದು ಒಂದು ಉಕಾರ ಮಾತ್ರ. ಪ್ರಸ್ತುತ ಪ್ರಯೋಗದಲ್ಲಿ ಎಂಟು ಹಗಲು, ಎಂಟು ರಾತ್ರಿ, ಒಂದು ಕಾಡು, ಒಂದು ನದಿಯ ಉಗಮ ಮತ್ತು (ಮುಂದೆ ತಿಳಿಯುವಂತೆ) ಒಂದು ಚಪ್ಪಲಿ ಲೋಪವಾಗಿವೆ. ಇಷ್ಟು ದೊಡ್ಡ ಲೋಪ ಕೇಶಿರಾಜನ ಕಣ್ಣಿಗೆ ಬಿದ್ದಿದ್ದರೆ ಶಬ್ದಮಣಿದರ್ಪಣದ ಸಂಧಿ ಪ್ರಕರಣ ಇನ್ನಷ್ಟು ಉದ್ದವಾಗುತ್ತಿತ್ತು. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಬಗ್ಗದೆ, ಯಾರು ಕೇಳಿದರೂ ಎಷ್ಟು ಸಲ ಕೇಳಿದರೂ ರೂಪ ಬದಲಿಸದೆ ಇರುವುದರಿಂದ ಇದನ್ನು ಅವ್ಯಯ ಪ್ರಕರಣಕ್ಕೆ ಸೇರಿಸಬೇಕೆಂದು ನನ್ನ ನಮ್ರ ಸೂಚನೆ.

‘ಕ್ಯಾಂಪ್’ ಪದದ ಬಗ್ಗೆಯೂ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಬೇರೆ ಊರುಗಳಲ್ಲಿ ಈ ಪದದಿಂದ ಯಾರಿಗೂ ತೊಂದರೆಯಿಲ್ಲ. ಬೆಳಗಾವಿಯಲ್ಲಿ ಕ್ಯಾಂಪ್ ಎಂದರೆ ದಂಡು ಪ್ರದೇಶ. ಬ್ರಿಟಿಷರ ಪಲ್ಟಣ ಬೀಡುಬಿಟ್ಟ ಜಾಗ ಬೀಡಾಗಿಯೇ ಉಳಿದು ಆಟೋದವರ ಬಾಯಲ್ಲಿ ಒಂದು ಸ್ಟಾಪಾಗಿ ಹೋಗಿದೆ. “ಮಗಳು ಕ್ಯಾಂಪಿಗೆ ಹೋಗ್ಯಾಳ್ರೀ” ಎಂದಾಗ ಎದುರುಮನೆಯ ಅಜ್ಜ “ಸಂಜಿಗೆ ಬರತಾಳಲ್ಲ?” ಎಂದರು. ಎಂಟು ದಿನ ಆಗುತ್ತದೆ ಎಂದಾಗ ಅವರಿಗೆ ಗಾಬರಿ. ಊರಿನ ಅತಿ ದೊಡ್ಡ ಬೀಡು ಮಾತ್ರ 1924ರ ಡಿಸೆಂಬರಿನದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಈಗ ನಾವು ಕಸದ ಗಾಡಿಗೆ ಕಾಯುವ ಈ ತಿಳಕವಾಡಿಯಲ್ಲೇ. ಬಂದವರಿಗೆ ನೀರು ಬೇಕೆಂದು ತೋಡಿದ ಬಾವಿ ಇವತ್ತಿಗೂ ಕಾಂಗ್ರೆಸ್ ಬಾವಿ. ಆ ಬೀಡಿನ ನಡಾವಳಿ ಅಚ್ಚಾಗಿದೆ. ನಮ್ಮ ಮಗಳ ಬೀಡಿನ ನಡಾವಳಿ ಎಲ್ಲಿ ಎಂಬುದೇ ಈ ಪ್ರಬಂಧದ ಸಂಶಯ.

ಶಬ್ದಪ್ರಮಾಣ ಕೈಕೊಟ್ಟಾಗ ಉಳಿದ ಪ್ರಮಾಣಗಳಿಗೆ ಶರಣಾಗಬೇಕು. ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಹೆಂಡತಿ ಮತ್ತು ನಾನು ಮಗಳ ಬ್ಯಾಗನ್ನು ಉತ್ಖನನ ಮಾಡಿದೆವು. ಮೇಲ್ಪದರದಲ್ಲಿ ಒದ್ದೆ ಟವೆಲ್, ನಡುವೆ ಕೆಂಪು ಮಣ್ಣು, ತಳದಲ್ಲಿ ಒಂದು ಬಸವನಹುಳದ ಚಿಪ್ಪು, ಯಾರದೋ ಒಂದು ಕಾಲುಚೀಲ ಮತ್ತು ಮುಟ್ಟದ ಚಕ್ಕುಲಿ.

ಪ್ರತ್ಯಕ್ಷ: ಅಂಗಿಯ ತುಂಬಾ ನೇರಳೆ ಬಣ್ಣದ ಕಲೆ. ಮೇ ತಿಂಗಳಲ್ಲಿ ಕಣಕುಂಬಿ ಕಡೆ ಪೊದೆಪೊದೆಗೂ ಕವಳಿಹಣ್ಣು. ಇದಕ್ಕೆ ಭಾಷ್ಯ ಬೇಕಿಲ್ಲ.

ಅನುಮಾನ: ತಾರ್ಕಿಕರು ಸಾವಿರಾರು ವರ್ಷಗಳಿಂದ ಒಂದೇ ಗುಡ್ಡವನ್ನು ತೋರಿಸಿ, ಅಲ್ಲಿ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ ಎನ್ನುತ್ತ ಬಂದಿದ್ದಾರೆ. ನಮ್ಮಲ್ಲಿ ಗುಡ್ಡದ ಸ್ಥಾನದಲ್ಲಿ ಸ್ವೆಟರು. ಮೂಸಿ ನೋಡಿದಾಗ ಹೊಗೆ ವಾಸನೆ. ಆದ್ದರಿಂದ ರಾತ್ರಿ ಬೆಂಕಿ ಹಾಕಿ ಸುತ್ತ ಕೂತಿದ್ದಾರೆ. ಆದ್ದರಿಂದ ಹಾಡು, ಕಥೆ, ದೆವ್ವ. ಆದ್ದರಿಂದಲೇ ಬಂದ ರಾತ್ರಿ ಮಗಳು ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ.

ಅರ್ಥಾಪತ್ತಿ: ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಇದು ಶಾಸ್ತ್ರದ ಉದಾಹರಣೆ. ನಮ್ಮದು ಹೀಗೆ: ಸಾಬೂನಿನ ಕಾಗದ ಬಿಚ್ಚಿಲ್ಲ, ಮಗಳು “ದಿನಾ ಮೈತೊಳ್ಕೊಂಡೀನಿ” ಎನ್ನುತ್ತಾಳೆ, ಆಕೆ ಸುಳ್ಳು ಹೇಳುವವಳಲ್ಲ ಎಂದು ಆಕೆಯ ಆಯಿಯ ಹೇಳಿಕೆ. ಅಂದಮೇಲೆ ಮೈತೊಳೆದದ್ದು ಹಳ್ಳದಲ್ಲಿ. ಇದನ್ನು ಹೇಳಿದೊಡನೆ ಹೆಂಡತಿಯ ಮುಖ ಕಪ್ಪಿಟ್ಟಿತು. ಅರ್ಥಾಪತ್ತಿಯ ದೋಷವೇ ಇದು. ಜ್ಞಾನದ ಜೊತೆ ರಕ್ತದೊತ್ತಡವೂ ಬರುತ್ತದೆ.

ಕೊನೆಗೆ ಅನುಪಲಬ್ಧಿ. ಇಲ್ಲದಿರುವುದನ್ನು ಇಲ್ಲದಿರುವಿಕೆಯಿಂದಲೇ ಅರಿಯುವುದು. ಭಾಟ್ಟ ಮೀಮಾಂಸಕರು ಇದನ್ನು ಆರನೆಯ ಪ್ರಮಾಣ ಎಂದು ಒಪ್ಪಿದ್ದಾರೆ. ತಾಯಂದಿರಿಗೆ ಇದೇ ಮೊದಲನೆಯದು. “ರೀ, ಬಲಗಾಲಿನ ಚಪ್ಪಲ್ ಎಲ್ಲಿ?” ಎಂದಳು. ಎಡಗಾಲಿನದು ಇತ್ತು. ಬಲಗಾಲಿನದು ಇರಲಿಲ್ಲ. ಬೆಳಿಗ್ಗೆ ಕೇಳಿದಾಗ ಸಿಕ್ಕ ಉತ್ತರವನ್ನು ಓದುಗರು ಈಗಾಗಲೇ ಊಹಿಸಿರಬಹುದು. ಒಂಟಿ ಚಪ್ಪಲಿಯನ್ನು ಪುರಾವೆಯಾಗಿ ಚಪ್ಪಲಿ ಸ್ಟ್ಯಾಂಡಿನ ಮೇಲಂಚಿನಲ್ಲಿ ಇಡಲಾಯಿತು.

ಪೂರ್ವಪಕ್ಷಗಳು ಹಲವು. ಮಕ್ಕಳು ಮರೆತಿರುತ್ತಾರೆ ಎಂಬುದು ಮೊದಲನೆಯದು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ ಎಂದು ತೋರಿಸಿಕೊಟ್ಟ. ಪ್ರಯೋಗ ಪ್ರಾಮಾಣಿಕವಾದದ್ದೇ. ಆದರೆ ಆತ ಕಲಿತದ್ದು ಅರ್ಥವಿಲ್ಲದ ಉಚ್ಚಾರಗಳನ್ನು. ತನ್ನ ಪಾಲಿನ ಬರ್ಫಿಯನ್ನು ಯಾರು ತಿಂದರು ಎಂಬುದನ್ನಲ್ಲ. ನಮ್ಮ ಮಗಳಿಗೆ ಹೋದ ದೀಪಾವಳಿಯಲ್ಲಿ ಅಣ್ಣ ಹಚ್ಚಿದ ತನ್ನ ಸುರಸುರಬತ್ತಿಗಳ ಲೆಕ್ಕ ಇವತ್ತಿಗೂ ಪಕ್ಕಾ. ಎರಡನೆಯದು, ಅಲ್ಲಿ ನಿಜಕ್ಕೂ ಏನೂ ಆಗಿಲ್ಲ ಎಂಬ ವಾದ. ಇದು ಮೇಲಿನ ಮಹಡಿಯ ಎಂಜಿನಿಯರರದು, ಅವರಿಗೆ ಮಕ್ಕಳಿಲ್ಲ. ಮೂರನೆಯದನ್ನು ಅತ್ತಿಗೆ ಮಂಡಿಸಿದರು: “ಕೇಳೂದs ಬ್ಯಾಡ, ಫೋಟೋ ಬಂದಾವಲ್ಲ.”

ಬಂದಿದ್ದವು ನಿಜ. ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಕಂತು. ನೆಟ್‌ವರ್ಕ್ ಬಂದಾಗ ಒಮ್ಮೆಗೇ ಮೂವತ್ತು, ಇಲ್ಲದಾಗ ಒಂದೂ ಇಲ್ಲ. ಪ್ರತಿ ಫೋಟೋದಲ್ಲೂ ನಮ್ಮ ಮಗಳು ಬೇರೆ ಯಾರದೋ ತಲೆಯ ಹಿಂದೆ. ಆದರೂ ಕಣ್ಣು ಕಿರಿದು ಮಾಡಿ ಎಲ್ಲವನ್ನೂ ನೋಡಿದ್ದೆವು: ಹಗ್ಗ ಹತ್ತಿದ್ದು, ಮಣ್ಣಿನ ಮಡಿಕೆ ಮಾಡಿದ್ದು, ಸಾಲಾಗಿ ಊಟಕ್ಕೆ ಕೂತದ್ದು. ಅಂದಮೇಲೆ ಮಗಳು ಮನೆಗೆ ಕಾಲಿಟ್ಟಾಗ ನಾವು ಕೇಳಿದ ಯಾವ ಪ್ರಶ್ನೆಗೂ ಉತ್ತರ ನಮಗೆ ಗೊತ್ತಿಲ್ಲದ್ದಾಗಿರಲಿಲ್ಲ. ನಮ್ಮದು ಜಿಜ್ಞಾಸೆಯಲ್ಲ, ಜಮಾಖರ್ಚಿನ ತಪಾಸಣೆ. ಒಂಬತ್ತು ವರ್ಷದ ಹುಡುಗಿಗೂ ಈ ಎರಡರ ವ್ಯತ್ಯಾಸ ಗೊತ್ತು. ಕಣಕುಂಬಿ ಹತ್ತಿರದ ಭೀಮಗಡ ಅಭಯಾರಣ್ಯದಲ್ಲಿ (2011ರಲ್ಲಿ ಘೋಷಣೆಯಾದದ್ದು) ಬಾರಾಪೇಡೆ ಗುಹೆಗಳಿವೆ. ಅಲ್ಲಿನ ರೌಟನ್ ಬಾವಲಿ ಜಗತ್ತಿನ ಅಪರೂಪದ ಜೀವಿಗಳಲ್ಲೊಂದು. ಬಾವಲಿಗಳು ರಾತ್ರಿಯಿಡೀ ಕೂಗುತ್ತವೆ. ಆ ಕೂಗಿನ ಬಹುಪಾಲು ನಮ್ಮ ಕಿವಿಗೆ ನಿಲುಕದ್ದು. ಗುಹೆಯ ಬಾಯಲ್ಲಿ ನಿಂತು ‘ಎಷ್ಟು ಶಾಂತ ಐತಿ’ ಎನ್ನುವವರ ಹಾಗೆ ನಾವು ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಇಬ್ಬರೂ ಪಿಸಪಿಸ ಎನ್ನುತ್ತಿದ್ದರು.

ಶಿಬಿರಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಮೆರಿಕದಿಂದ ಆರಂಭಿಸುತ್ತಾರೆ. 1861ರಲ್ಲಿ ಕನೆಕ್ಟಿಕಟ್‌ನ ಫ್ರೆಡರಿಕ್ ಗನ್ ಎಂಬ ಮೇಷ್ಟ್ರು ತನ್ನ ಶಾಲೆಯ ಹುಡುಗರನ್ನು ಸಮುದ್ರದಂಡೆಗೆ ನಡೆಸಿಕೊಂಡು ಹೋಗಿ ಡೇರೆ ಹಾಕಿಸಿದ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದೊಯ್ದ. ಸ್ಕೌಟ್ ಚಳವಳಿ ಅಲ್ಲಿಂದ ಹುಟ್ಟಿತು. ಇವರಿಬ್ಬರೂ ಮಕ್ಕಳನ್ನು ಹೇಗೆ ಕರೆದೊಯ್ಯಬೇಕೆಂದು ಹೇಳಿಕೊಟ್ಟರು. ಕರೆತಂದ ಮೇಲೆ ಹೇಗೆ ಮಾತಾಡಿಸಬೇಕು ಎಂಬ ಕಷ್ಟದ ಕೆಲಸಕ್ಕೆ ನಮ್ಮವರೇ ಬೇಕಾಯಿತು.

ಛಾಂದೋಗ್ಯ ಉಪನಿಷತ್ತಿನ ಶ್ವೇತಕೇತು ಹನ್ನೆರಡನೆಯ ವಯಸ್ಸಿನಲ್ಲಿ ಹೋಗಿ ಇಪ್ಪತ್ತನಾಲ್ಕಕ್ಕೆ ವಾಪಸು ಬಂದ. ಹನ್ನೆರಡು ವರ್ಷದ ಶಿಬಿರ, ವಾಟ್ಸಾಪ್ ಗುಂಪಿಲ್ಲ. ಬಂದವನು ಬೀಗಿಕೊಂಡಿದ್ದ. ತಂದೆ ಉದ್ದಾಲಕ ಆರುಣಿ ಒಂದು ಪ್ರಶ್ನೆ ಕೇಳಿದ. ಮಗ ಕೊಟ್ಟ ಉತ್ತರದ ತಾತ್ಪರ್ಯ: ನಮ್ಮ ಸರ್‌ಗಳಿಗೇ ಅದು ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದರಲ್ಲ. ಇಂದಿಗೂ ಎಲ್ಲ ಮಕ್ಕಳೂ ಇದನ್ನೇ ಹೇಳುತ್ತಾರೆ. ಆದರೆ ವಿದ್ವಾಂಸರು ಗಮನಿಸದೆ ಬಿಟ್ಟದ್ದು ಮುಂದಿನ ಭಾಗ. ಉದ್ದಾಲಕ ಮಗನನ್ನು ಹದಿನೈದು ದಿನ ಬರೀ ನೀರಿನ ಮೇಲಿರಿಸಿ, ಕಲಿತದ್ದನ್ನು ಹೇಳು ಎಂದ. ಒಂದೂ ನೆನಪಿಗೆ ಬರಲಿಲ್ಲ. ಉಂಡು ಬಾ ಎಂದ. ಉಂಡು ಬಂದವನಿಗೆ ಕೇಳಿದ್ದೆಲ್ಲ ನೆನಪಾಯಿತು. ಶಿಬಿರೋತ್ತರ ಸಂಭಾಷಣೆಯ ಮೊದಲ ಸೂತ್ರ ಇಲ್ಲಿದೆ: ಉಂಡ ಮೇಲೆ ಕೇಳು. “ಹಸಿವಿ ಆಗೇತಿ” ಎಂದು ನಮ್ಮ ಮಗಳು ಮೂಲಪಾಠದ ಕೊನೆಯಲ್ಲಿ ಹೇಳಿದ್ದು ತಪ್ಪಿಸಿಕೊಳ್ಳಲಿಕ್ಕಲ್ಲ. ಆಕೆ ಉಪನಿಷತ್ತಿನ ಪಾಠ ಹೇಳುತ್ತಿದ್ದಳು. ಪ್ರಶ್ನಪತ್ರಿಕೆ ಹಿಡಿದು ನಿಂತ ನಮಗೆ ಅದು ಕೇಳಿಸಲಿಲ್ಲ.

ಮನೆಯಲ್ಲಿ ಈ ಸೂತ್ರವನ್ನು ಕುಂದಾದ ಮೇಲೆ ಪ್ರಯೋಗಿಸಿದೆ. ಬೆಳಗಾವಿಯ ಕುಂದಾಕ್ಕೆ ಸತ್ಯ ಹೊರಡಿಸುವ ಗುಣ ಇದೆ ಎಂಬುದು ನೆಂಟರ ಮನೆಗಳಲ್ಲಿ ಮೊದಲೇ ಸಿದ್ಧವಾದ ಸಂಗತಿ. ಮೊದಲ ಚಮಚಕ್ಕೆ “ಅಲ್ಲಿ ಪಲ್ಯಾ ಖಾರ ಇತ್ತು”. ಎರಡನೆಯದಕ್ಕೆ “ಒಬ್ಬಾಂವ ಹತ್ತು ಚಪಾತಿ ತಿಂದ”. ಮೂರನೆಯ ಚಮಚಕ್ಕೆ ನಾನು ಪೆನ್ನು ತೆಗೆದೆ. ಪೆನ್ನು ಕಂಡೊಡನೆ ಬಾಯಿ ಮುಚ್ಚಿತು. ಕುಂದಾ ಮಾತ್ರ ಮುಗಿಯಿತು.

ಇನ್ನೊಬ್ಬ ನಚಿಕೇತ. ಅವನು ಹೋದದ್ದು ಯಮನ ಮನೆಗೆ. ಮೂರು ರಾತ್ರಿ, ಊಟವಿಲ್ಲದೆ. ಮೂರು ವರ ಸಿಕ್ಕವು. ಮೂರನೆಯದಕ್ಕೆ ಮರಣಾನಂತರದ ರಹಸ್ಯ ಕೇಳಿದನೆಂದು ಜಗತ್ತೆಲ್ಲ ಹೊಗಳುತ್ತದೆ. ಮೊದಲನೆಯ ವರದ ಬಗ್ಗೆ ಯಾರೂ ಮಾತಾಡುವುದಿಲ್ಲ. ತಾನು ತಿರುಗಿ ಹೋದಾಗ ಅಪ್ಪ ಸಿಟ್ಟು ಮರೆತು, ತನ್ನನ್ನು ಗುರುತಿಸಿ, ಸಮಾಧಾನದಿಂದ ಮಾತಾಡಿಸಲಿ ಎಂದು ಕೇಳಿದ. ಸಾವಿನ ಬಾಗಿಲಲ್ಲಿ ನಿಂತ ಹುಡುಗನಿಗೆ ಬ್ರಹ್ಮವಿದ್ಯೆಗಿಂತ ಮೊದಲು ಹೊಳೆದ ಚಿಂತೆ ಇದು: ಮನೆಗೆ ಹೋದರೆ ಬೈತಾರೋ ಏನೋ.

(ಈ ಸಾಲುಗಳನ್ನು ಬರೆಯುತ್ತಿದ್ದಾಗ ಹೆಂಡತಿ ಹಿಂದೆ ನಿಂತು ಓದಿ, ಏನೂ ಹೇಳದೆ ಹೋದಳು. ಚಪ್ಪಲಿಗೆ 350 ರೂಪಾಯಿ ಕೊಟ್ಟವಳು ಆಕೆ.)

ಇನ್ನು ಸಿದ್ಧಾಂತ. ಅದು ಗ್ರಂಥಗಳಲ್ಲಿ ಸಿಗಲಿಲ್ಲ, ಕಣಕುಂಬಿಯ ನೆಲದಲ್ಲೇ ಸಿಕ್ಕಿತು. ಅಲ್ಲಿ ಮಾವುಲಿ ದೇವಿಯ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುತ್ತಾಳೆ. ಹುಟ್ಟುವ ಜಾಗದಿಂದ ಅರಬ್ಬಿ ಸಮುದ್ರ ಹತ್ತಿರ. ಆದರೂ ಆಕೆ ಅತ್ತ ಬೆನ್ನು ಹಾಕಿ, ಖಾನಾಪುರ, ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು ಎಂದು ಊರೂರು ಸುತ್ತಿ 304 ಕಿಲೋಮೀಟರ್ ಆದ ಮೇಲೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅದೇ ಕಣಕುಂಬಿಯ ಆಸುಪಾಸಿನಲ್ಲೇ ಹುಟ್ಟುವ ಕಳಸಾ ಹಳ್ಳ ಪಡುವಣಕ್ಕೆ ಇಳಿದು ಮಹದಾಯಿ ಸೇರಿ ಗೋವಾಕ್ಕೆ ಹೋಗುತ್ತದೆ. ಒಂದೇ ಮಳೆ, ಒಂದೇ ಗುಡ್ಡ. ಹನಿ ಈಚೆ ಬಿದ್ದರೆ ಬಂಗಾಳ ಕೊಲ್ಲಿ, ಆಚೆ ಬಿದ್ದರೆ ಅರಬ್ಬಿ ಸಮುದ್ರ. ಮಗುವಿನ ಮಾತೂ ಹಾಗೆಯೇ. ಹುಟ್ಟುವುದಂತೂ ಹುಟ್ಟುತ್ತದೆ; ಯಾವ ಕಡೆ ಇಳಿಯುತ್ತದೆಂಬುದು ನಮ್ಮ ಇಚ್ಛೆಯಲ್ಲ. ನಾವು ಮಾಡುವುದೇನು? ಕಾಲುವೆ ತೋಡುತ್ತೇವೆ. ಅತ್ತ ಹೋಗುವುದನ್ನು ಇತ್ತ ತಿರುಗಿಸಲು ನೋಡುತ್ತೇವೆ. ಕಣಕುಂಬಿಯಲ್ಲೂ ಅದೇ ಆಯಿತು, ನಮ್ಮ ಮನೆಯಲ್ಲೂ ಅದೇ ಆಯಿತು. ಎರಡೂ ಕಡೆ ವ್ಯಾಜ್ಯ.

ಮಹದಾಯಿ ಜಲವಿವಾದ ನ್ಯಾಯಮಂಡಳಿ 2010ರ ನವೆಂಬರಿನಲ್ಲಿ ರಚನೆಯಾಗಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ಒಟ್ಟು ನೀರು 188.06 ಟಿಎಂಸಿ. ಗೋವಾಕ್ಕೆ 24, ಕರ್ನಾಟಕಕ್ಕೆ 13.42, ಮಹಾರಾಷ್ಟ್ರಕ್ಕೆ 1.33, ಉಳಿದದ್ದು ಸಮುದ್ರಕ್ಕೆ. ಈ ಅನುಪಾತವನ್ನು ನಮ್ಮ ಮನೆಗೆ ಅನ್ವಯಿಸಿ ನೋಡಿದಾಗ ನನಗೆ ರೋಮಾಂಚನವಾಯಿತು. ಮಾಪ್ಸಾದಲ್ಲಿರುವ ನನ್ನ ತಂಗಿಯ ಮಗಳ ಜೊತೆ ನಮ್ಮ ಮಗಳು ಬಂದ ದಿನವೇ ಫೋನಿನಲ್ಲಿ ಮಾತಾಡಿದ್ದಾಳೆ, ಅದೂ ಬಾಗಿಲು ಹಾಕಿಕೊಂಡು, ಮುಕ್ಕಾಲು ತಾಸು: ಗೋವಾದ 24. ಕೊಲ್ಲಾಪುರದ ಮಾವಶಿಗೆ “ಹಾಂ, ಛಾನ್ ಹೋತಂ” ಎಂದು ಹೇಳಿ ಇಟ್ಟಿದ್ದಾಳೆ: ಮಹಾರಾಷ್ಟ್ರದ 1.33. ನಮಗೆ ಬಂದ 13.42ರಲ್ಲಿ 8.02 ವಿದ್ಯುತ್ತಿಗೆಂದು ಮೀಸಲು. ಆ ನೀರನ್ನು ಬಳಸಿ ಮುಗಿಸುವಂತಿಲ್ಲ, ಚಕ್ರ ತಿರುಗಿಸಿ ಮತ್ತೆ ಹೊಳೆಗೇ ಬಿಡಬೇಕು. “ಪಪ್ಪಾ, ಪಪ್ಪಾ, ಪಪ್ಪಾ, ಕೇಳಿಲ್ಲಿ… ಬಿಡು, ಏನಿಲ್ಲ” ಎಂಬುದು ಈ ವರ್ಗದ್ದು. ನನ್ನ ತಲೆ ತಿರುಗುತ್ತದೆ, ಕೈಗೇನೂ ಹತ್ತುವುದಿಲ್ಲ. 1.5 ಕೊಳ್ಳದೊಳಗಿನ ಬಳಕೆಗೆ, ಅಂದರೆ ಅಣ್ಣ ತಂಗಿ ಹಾಸಿಗೆಯಲ್ಲಿ ಪಿಸಪಿಸ ಎನ್ನುವುದಕ್ಕೆ. ಕೊನೆಗೆ ತಿರುಗಿಸಿಕೊಳ್ಳಲು ಸಿಕ್ಕದ್ದು 3.9: ಕಳಸಾದಿಂದ 1.72, ಬಂಡೂರಿ ಹಳ್ಳದಿಂದ 2.18. ಇದರಲ್ಲಿ ಕಳಸಾ ಪಾಲು ತಾಯಿಯದು, ಬಂಡೂರಿ ಪಾಲು ಆಯಿಯದು. ತಂದೆಯ ಹೆಸರಿಗೆ ಹಂಚಿಕೆ ಇಲ್ಲ.

ತಾಯಿಗಿಂತ ಆಯಿಯ ಪಾಲು ಹೆಚ್ಚೇಕೆ? ಈ ವೈಷಮ್ಯವನ್ನು ಪರಿಶೀಲಿಸಲು ನಾನು ಎರಡು ಮಧ್ಯಾಹ್ನ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೋಡಿದೆ. ಆಯಿ ಬಳ್ಳೊಳ್ಳಿ ಸುಲಿಯುತ್ತಿದ್ದರು. ಮಗಳೂ ಎದುರಿಗೆ ಕೂತು ಸುಲಿಯುತ್ತಿದ್ದಳು. ಆಯಿ ಏನನ್ನೂ ಕೇಳಲಿಲ್ಲ. ತಮ್ಮದೇ ಒಂದು ಕಥೆ ಹೇಳುತ್ತಿದ್ದರು, ಅದೂ ತಪ್ಪುತಪ್ಪಾಗಿ: “ನಿಮ್ಮ ಕಣಕುಂಬ್ಯಾಗ ಆನಿ ಇರತಾವಂತ.” ಮಗಳು ತಲೆಯೆತ್ತಿ, “ಆನಿ ಅಲ್ಲ ಆಯಿ, ಕರಡಿ! ನಾವು ಕರಡಿ ಹೆಜ್ಜಿ ನೋಡೇವಿ. ಸರ್ ಅಂದ್ರು ಹಿಂಗs ಅಡ್ಡ ಇರತೈತಿ ಅಂತ” ಎಂದು ಅಂಗೈಯನ್ನೇ ಅಡ್ಡ ಹಿಡಿದು ತೋರಿಸಿದಳು. ಆಯಿ “ಕರಡಿ ಗಿಡಾ ಏರತೈತೇನ?” ಎಂದರು. ಖಾನಾಪುರದ ಕಾಡಂಚಿನವರನ್ನು ಕೇಳಿದರೆ ಕರಡಿಯ ಬಗ್ಗೆ ಬೇರೆಯದೇ ದನಿಯಲ್ಲಿ ಮಾತಾಡುತ್ತಾರೆ. ನಮ್ಮ ಆಯಿಗೆ ಅದೆಲ್ಲ ಗೊತ್ತು, ಬೇಕೆಂದೇ ಗೊತ್ತಿಲ್ಲದವರಂತೆ ಕೂತಿದ್ದರು. ಮುಂದಿನ ಅರ್ಧ ತಾಸು ಮಗಳು ನಿಲ್ಲಿಸಲಿಲ್ಲ: ಜೇನು, ಹುತ್ತ, ರಾತ್ರಿ ಗಿಡದ ತುಂಬ ಒಮ್ಮೆಗೇ ಹತ್ತಿ ಆರುವ ಮಿಂಚುಹುಳ, ಮಾವುಲಿ ಗುಡಿಯ ಮುಂದೆ ಕುಂತ ಮುದುಕಿ ಮರಾಠಿಯಲ್ಲಿ ಕೇಳಿದ್ದು, ಇವಳು ಕನ್ನಡದಲ್ಲಿ ಹೇಳಿದ್ದು, ಇಬ್ಬರಿಗೂ ತಿಳಿದದ್ದು. ಗೊತ್ತಿದ್ದವರಿಗೆ ಹೇಳುವುದರಲ್ಲಿ ಮಕ್ಕಳಿಗೆ ಏನು ಸುಖ? ತಪ್ಪು ತಿಳಿದವರನ್ನು ತಿದ್ದುವುದರಲ್ಲಿ ಇರುವಷ್ಟು ಸುಖ ಇನ್ನಾವುದರಲ್ಲೂ ಇಲ್ಲ, ಪ್ರಾಧ್ಯಾಪಕರಿಗೂ.

ನಾನೂ ಮಾಡಿ ನೋಡಿದೆ. “ಅಲ್ಲಿ ಹುಲಿ ಇದ್ವೇನ ಪುಟ್ಟಿ?” ಎಂದು ಮುಗ್ಧವಾಗಿ ಕೇಳಿದೆ. “ಪಪ್ಪಾ, ನಿಂಗ ಗೊತ್ತೈತಿ, ಸುಮ್ನ ಕೇಳಾಕಹತ್ತಿ” ಎಂದಳು. ಅಜ್ಞಾನ ನಟಿಸಲಿಕ್ಕೂ ಎಪ್ಪತ್ತು ವರ್ಷದ ಸಾಧನೆ ಬೇಕು.

ವಿಫಲವಾದ ಇತರ ಪ್ರಯೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಶಿಬಿರದಲ್ಲಿ ನನ್ನ ಅನುಭವ’ ಎಂದು ಒಂದು ಪುಟ ಬರೆಸಿದೆವು. ಬೆಳಿಗ್ಗೆ ಎದ್ದು ಹಲ್ಲುಜ್ಜಿದ್ದರಿಂದ ಆರಂಭವಾಗಿ ರಾತ್ರಿ ಹಲ್ಲುಜ್ಜಿದ್ದರಲ್ಲಿ ಮುಗಿಯಿತು, ನಡುವೆ ‘ಬಹಳ ಮಜಾ ಬಂತು’ ಎಂದು ಮೂರು ಸಲ. ನೆಂಟರು ಬಂದಾಗ “ಕಾಕಾಗ ಕ್ಯಾಂಪಿನ ಹಾಡ ಹಾಡಿ ತೋರಸವಾ” ಎಂದೆವು. ಮಗಳು ಪರದೆಯ ಹಿಂದೆ ಹೋಗಿ ಅರ್ಧ ತಾಸು ಹೊರಗೆ ಬರಲಿಲ್ಲ. ಆ ಸಂಜೆ ನನಗೆ ನನ್ನ ಬಗ್ಗೆಯೇ ಸ್ವಲ್ಪ ನಾಚಿಕೆಯಾಯಿತು.

ತಂದೆಯ ಹೆಸರಿಗೆ ಹಂಚಿಕೆ ಇಲ್ಲ ಎಂದೆನಷ್ಟೇ. ಅದಕ್ಕೆ ಅಪವಾದವಾಗಿ ಒಂದೇ ಒಂದು ಪ್ರಸಂಗ ದಾಖಲಾಗಿದೆ. ಸ್ಥಳ ತಿಳಕವಾಡಿಯ ಎರಡನೇ ಗೇಟು. ಈ ರೈಲ್ವೆ ಗೇಟಿನ ಮಹಿಮೆ ಊರಿನವರಿಗೆ ಹೇಳಬೇಕಿಲ್ಲ. ನಾವು ಹತ್ತಿರ ಬಂದಾಗಲೇ ಅದು ಬೀಳುತ್ತದೆ. ಜೂನ್ ಮೊದಲ ವಾರ, ಶಾಲೆಯ ಪುಸ್ತಕ ತರಲು ಸ್ಕೂಟರಿನಲ್ಲಿ ಹೊರಟಿದ್ದೆವು. ಗೇಟು ಬಿತ್ತು. ಲೋಂಡಾ ಕಡೆಯಿಂದ ಗೂಡ್ಸ್ ಗಾಡಿ. ಇಂಜಿನ್ ಬಂದ್ ಮಾಡಿ ಕಾಲೂರಿ ನಿಂತೆ. ಮಗಳು ಹಿಂದೆ ಕೂತು ನನ್ನ ಬೆನ್ನಿಗೆ ಗಲ್ಲ ಒತ್ತಿ ಡಬ್ಬಿ ಎಣಿಸುತ್ತಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರು. ಅಷ್ಟರಲ್ಲಿ ಎಣಿಕೆ ನಿಲ್ಲಿಸಿ, “ಪಪ್ಪಾ, ಅಲ್ಲಿ ಒಂದ ರಾತ್ರಿ ಒಬ್ಬಾಕಿ ಅಳಾಕಹತ್ತಿದ್ಳು” ಎಂದಳು.

“ಹ್ಞೂಂ,” ಎಂದೆ.

“ಭಾಳ ಹೊತ್ತು ಅತ್ಳು. ಆಮ್ಯಾಲ ಬಾಜೂದಾಕಿ ತನ್ನ ಹಾಸಿಗಿ ಜರಗಿಸಿಕೊಂಡು ಹತ್ರ ಬಂದ್ಳು.”

“ಹ್ಞೂಂ.”

“ಆಮ್ಯಾಲ ನಿದ್ದಿ ಬಂತು.”

ಯಾರಿಗೆ ಎಂದು ಕೇಳಲಿಲ್ಲ. ಈ ಇಡೀ ಸಂಶೋಧನೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ, ಅದೂ ಗಾಡಿಯ ಸದ್ದಿಗೆ ಬಾಯಿ ತೆರೆಯಲು ಆಗದೆ. ಬೆನ್ನಿಗೆ ಹೇಳಿದ ಮಾತಿಗೆ ಮುಖ ತಿರುಗಿಸಬಾರದೆಂಬುದು ಆ ಗಳಿಗೆಯಲ್ಲಿ ಹೇಗೋ ತಿಳಿಯಿತು. ಗೇಟು ಎದ್ದಿತು, ಹಿಂದಿನವರೆಲ್ಲ ಹಾರ್ನ್ ಹೊಡೆದರು, ಮಾತು ಅಲ್ಲಿಗೇ ನಿಂತಿತು. ಆ ಮೇಲೆ ಎರಡು ವಾರ ನಾನು ಬೇಕೆಂದೇ ಎರಡನೇ ಗೇಟಿನ ಮೇಲೆ ಹೋದೆ. ಗೇಟು ಒಮ್ಮೆಯೂ ಬೀಳಲಿಲ್ಲ.

ಪ್ರಬಂಧ ಇಲ್ಲಿಗೆ ನಿಂತು, ಐದನೆಯ ಅಂಗವಾದ ಸಂಗತಿಗೆ ವಿಷಯ ಸಾಲದೆ ಎರಡು ತಿಂಗಳು ಟ್ರಂಕಿನ ಮೇಲೆ ಬಿದ್ದಿತ್ತು. ಆಗಸ್ಟಿನ ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಹೊರಗೆ ಜಡಿಮಳೆ. ಟಿವಿಯಲ್ಲಿ ಖಾನಾಪುರದ ಹೊಳಿ ತುಂಬಿ ಹರಿಯುವುದನ್ನು ತೋರಿಸುತ್ತಿದ್ದರು. ಮಗಳು ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ, “ಇಷ್ಟ ನೀರಿಗೆ ನನ್ನ ಚಪ್ಪಲ್ ಈಗ ಖಾನಾಪುರ ದಾಟಿರತೈತಿ” ಎಂದಳು.

ತಟ್ಟೆಗಳ ಸದ್ದು ನಿಂತಿತು.

“ಹುಚ್ಚಿ,” ಎಂದ ಅಣ್ಣನ ಮಗ. “ನಿನ್ನ ಚಪ್ಪಲ್ ಗೋವಾಕ್ಕ ಹೋಗೇತಿ. ಆ ಹಳ್ಳ ಆ ಕಡೆ ಇಳೀತೈತಿ.”

“ಇಲ್ಲಾ, ಅದು ಗುಡಿ ಹಿಂದಿನ ನೀರು. ಅದು ಮಲಪ್ರಭಾ!”

“ಗುಡಿ ಕಡೆ ಹೋಗಿದ್ದು ಮೂರನೇ ದಿನ. ಚಪ್ಪಲ್ ಬಿದ್ದಿದ್ದು ಐದನೇ ದಿನ, ಕಾಲಿವಿ ನೋಡಾಕ ಹೋದಾಗ. ಕವಳಿಹಣ್ಣಿಗೆ ಕೈ ಚಾಚಿದಿ, ಜಾರಿದಿ. ಸರ್ ನಿನ್ನ ರಟ್ಟಿ ಹಿಡ್ಕೊಂಡ್ರು.”

“ಏನು, ಜಾರಿದ್ಳಾ?” ಎಂದಳು ಹೆಂಡತಿ. ಆಯಿ ಆಕೆಯ ಮೊಣಕಾಲಿನ ಮೇಲೆ ಕೈಯಿಟ್ಟರು.

ಮುಂದೆ ನಡೆದದ್ದನ್ನು ಕ್ರಮವಾಗಿ ಬರೆಯುವುದು ಕಷ್ಟ. ಯಾವ ಹಳ್ಳ ಎಂಬುದನ್ನು ತೀರ್ಮಾನಿಸಲು ಯಾವ ದಿನ ಎಂದು ಹೇಳಬೇಕಾಯಿತು. ಯಾವ ದಿನ ಎನ್ನಲು ಅವತ್ತು ಯಾರು ನಾಷ್ಟಾಕ್ಕೆ ಅವಲಕ್ಕಿ ಚೆಲ್ಲಿದ್ದರು ಎಂದು. ಅವಲಕ್ಕಿ ಚೆಲ್ಲಿದವಳು ಯಾಕೆ ಚೆಲ್ಲಿದಳು ಎನ್ನಲು ಹಿಂದಿನ ರಾತ್ರಿಯ ದೆವ್ವದ ಕಥೆ. ದೆವ್ವ ಆಗಿದ್ದವನು ಅಣ್ಣನ ಮಗನೇ ಎಂಬುದು ನಮ್ಮ ಮಗಳಿಗೂ ಅಂದೇ ಗೊತ್ತಾದದ್ದು. ಅಡ್ಡಮಳೆ, ಹಾರಿಹೋದ ತಾಡಪತ್ರಿ, ಕತ್ತಲಲ್ಲಿ ಮೂವತ್ತು ಮಕ್ಕಳು ಶಾಲೆಯ ಪಡಸಾಲೆಗೆ ಓಡಿದ್ದು, ಊರಿನವರು ತಂದುಕೊಟ್ಟ ಬಿಸಿ ಗಂಜಿ. ಎಂಟು ದಿನಗಳೂ ಮೇಜಿನ ಮೇಲೆ ಬಂದು ಬಿದ್ದವು, ತಲೆಕೆಳಗಾಗಿ. ಸಾರು ಆರಿತು. ನನ್ನ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಗಿ ತಿರುಗಿ ಬಂತು.

“ಆವತ್ತ ರಾತ್ರಿ ಎಷ್ಟ ಅತ್ತಿ ನೀ,” ಎಂದ ಹುಡುಗ ಕೊನೆಗೆ, ವಾದ ಗೆಲ್ಲಲು. “ಮಮ್ಮಿ ಬೈತಾಳ, ಹೊಸಾ ಚಪ್ಪಲ್ ಅಂತ.”

ಮಗಳು ರೊಟ್ಟಿ ನೋಡುತ್ತ ಕೂತಳು. ಹೆಂಡತಿ ಎದ್ದು ಹೋಗಿ, ಸಾರು ಬಿಸಿ ಮಾಡಿಕೊಂಡು ಬಂದು, ಮಗಳ ತಟ್ಟೆಗೇ ಮೊದಲು ಬಡಿಸಿದಳು. “ಡ್ಯಾಮ್ ಐತಲ್ಲವಾ ನಡುವ, ನವಿಲುತೀರ್ಥ,” ಎಂದಳು, ಬಡಿಸುತ್ತಲೇ. “ಮಲಪ್ರಭಾಕ್ಕ ಬಿದ್ದಿದ್ರ ಅಲ್ಲೇ ಸಿಕ್ಕೊಂಡಿರತೈತಿ.”

“ಹಂಗಾದ್ರ ಗೋವಾದ್ದs ಛಲೋ,” ಎಂದ ಹುಡುಗ.

ಮಗಳು ಎದ್ದು ಹೊರಗೆ ಹೋಗಿ ಸ್ಟ್ಯಾಂಡಿನ ಮೇಲಂಚಿನಿಂದ ಎಡಗಾಲಿನ ಚಪ್ಪಲಿ ತಂದಳು. ಧೂಳು ಊದಿ, ಊಟದ ಮೇಜಿನ ಮೇಲೇ ಇಟ್ಟಳು. ಅಂದು ಯಾರೂ ಏನೂ ಅನ್ನಲಿಲ್ಲ.

“ಬರೋ ವರ್ಷ ಇದನ್ನೂ ಒಯ್ತೀನಿ,” ಎಂದಳು. “ಗುಡಿ ಹಿಂದಿನ ನೀರಿಗೆ ಬಿಡ್ತೀನಿ. ಯಾವುದು ಮೊದಲ ಸಮುದ್ರ ಮುಟ್ಟತೈತಿ ನೋಡೋಣು.”